ಒಡೆದ ಕಾಂಕ್ರೀಟ್, ಕ್ವಾರಿ ಜಲ್ಲಿ, ಕೆರೆದ ಡಾಂಬರು: ರಸ್ತೆಯ ಯಾವ ಪದರಕ್ಕೆ ಯಾವುದು?

ಬೆಂಗಳೂರಿನಲ್ಲಿ ಬಡಾವಣೆಯ ಒಳರಸ್ತೆಗೆ ಡಾಂಬರು ಹಾಕಿಸಲು ಹೊರಟ ನಿವಾಸಿಗಳ ಸಂಘಗಳು, ಅಪಾರ್ಟ್‌ಮೆಂಟ್ ಸಮಿತಿಗಳು, ಸಣ್ಣ ಗುತ್ತಿಗೆದಾರರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಕೆಡವಿದ ಕಟ್ಟಡದ ಕಾಂಕ್ರೀಟನ್ನು ಒಡೆದು ಮಾಡಿದ ಜಲ್ಲಿ ಹಾಕಿದರೆ ರಸ್ತೆ ಬಾಳುತ್ತದೆಯೇ? ಹೌದು ಎಂದರೂ ತಪ್ಪಾಗುತ್ತದೆ, ಇಲ್ಲ ಎಂದರೂ ತಪ್ಪಾಗುತ್ತದೆ. ರಸ್ತೆಯೆಂದರೆ ಕಣ್ಣಿಗೆ ಕಾಣುವ ಕಪ್ಪು ಹೊದಿಕೆಯಷ್ಟೇ ಅಲ್ಲ. ಅದರ ಕೆಳಗೆ ಮೂರು ನಾಲ್ಕು ಪದರಗಳಿವೆ, ಒಂದೊಂದರ ಕೆಲಸವೂ ಬೇರೆ. ಯಾವ ಪದರಕ್ಕೆ ಎಂದು ಗೊತ್ತಾಗದೆ ಯಾವ ಜಲ್ಲಿ ಎಂದು ಹೇಳಲು ಬರುವುದಿಲ್ಲ.

ನನ್ನ ನಿಲುವನ್ನು ಮೊದಲೇ ತಿಳಿಸುತ್ತೇನೆ. ಒಡೆದ ಕಾಂಕ್ರೀಟ್‌ನ ಜಾಗ ಡಾಂಬರಿನ ಕೆಳಗೆ. ಅಲ್ಲಿ ಧಾರಾಳವಾಗಿ ಬಳಸಿ. ಡಾಂಬರಿನ ಮಿಶ್ರಣದೊಳಗೆ ಸೇರಿಸುವುದಾದರೆ ಕೈ ಬಿಗಿ ಹಿಡಿಯಿರಿ. ಎಲ್ಲಕ್ಕೂ ಮೇಲಿನ ಪದರಕ್ಕಂತೂ ಬೇಡ. ಡಾಂಬರಿನ ಮಿಶ್ರಣದಲ್ಲಿ ಮರುಬಳಕೆ ಮಾಡಬೇಕೆಂಬ ಆಸೆ ಇದ್ದರೆ ಅದಕ್ಕೆ ತಕ್ಕ ವಸ್ತು ಹಳೆಯ ರಸ್ತೆಯಿಂದ ಕೆರೆದು ತೆಗೆದ ಡಾಂಬರು.

ಒಂದೊಂದು ಪದರ ಕೇಳುವುದೇನು

ಎಲ್ಲಕ್ಕೂ ಕೆಳಗೆ ರೋಲರ್ ಓಡಿಸಿ ಗಟ್ಟಿ ಮಾಡಿದ ಮಣ್ಣು. ಅದರ ಮೇಲೆ ಜಿಎಸ್‌ಬಿ ಎಂದು ಎಲ್ಲರೂ ಕರೆಯುವ ಜಲ್ಲಿ ಪದರ. ಮೇಲಿನ ಭಾರವನ್ನು ಮಣ್ಣಿಗೆ ಹರಡುವುದು, ಇಳಿದು ಬಂದ ನೀರನ್ನು ಪಕ್ಕದ ಚರಂಡಿಗೆ ಸಾಗಿಸುವುದು ಅದರ ಕೆಲಸ. ಅದರ ಮೇಲೆ ನೀರು ಬೆರೆಸಿ ಹರಡುವ ವೆಟ್ ಮಿಕ್ಸ್. ಆಮೇಲೆ ಡಾಂಬರಿನ ಎರಡು ಪದರ: ಕೆಳಗೆ ದಪ್ಪನೆಯ ಡಿಬಿಎಂ, ಮೇಲೆ ತೆಳ್ಳನೆಯ ಬಿ.ಸಿ. ಒಳರಸ್ತೆಗಳಲ್ಲಿ ಡಿಬಿಎಂ 50 ಮಿಲಿಮೀಟರ್, ಬಿ.ಸಿ. 30 ಮಿಲಿಮೀಟರ್ ಇರುವುದು ವಾಡಿಕೆ.

ಮೇಲಕ್ಕೆ ಹೋದಂತೆ ಜಲ್ಲಿಯ ಮೇಲಿನ ಷರತ್ತು ಬಿಗಿಯಾಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2013ರ ನಿರ್ದಿಷ್ಟತೆಗಳ ಪ್ರಕಾರ ಜಲ್ಲಿಯ ಆಘಾತ ಮೌಲ್ಯ, ಅಂದರೆ ನಿಗದಿತ ಪೆಟ್ಟು ಬಿದ್ದಾಗ ಶೇಕಡಾ ಎಷ್ಟು ಪುಡಿಯಾಗುತ್ತದೆ ಎಂಬ ಅಂಕಿ, ಜಿಎಸ್‌ಬಿಗೆ 40ರವರೆಗೆ ಇರಬಹುದು. ವೆಟ್ ಮಿಕ್ಸ್‌ಗೆ 30, ಡಿಬಿಎಂಗೆ 27, ಬಿ.ಸಿ.ಗೆ 24 ಮಿತಿ. ಡಾಂಬರಿನ ಎರಡೂ ಪದರಗಳ ಜಲ್ಲಿ ತನ್ನ ತೂಕದ ಶೇಕಡಾ 2ಕ್ಕಿಂತ ಹೆಚ್ಚು ನೀರು ಹೀರಬಾರದು. ಕೆಳಗಿನ ಪದರಗಳಲ್ಲಿ ಹೀರಿಕೆ ಶೇಕಡಾ 2 ದಾಟಿದರೆ ಜಲ್ಲಿಯನ್ನು ತಳ್ಳಿಹಾಕುವುದಿಲ್ಲ, ಅದರ ತಾಳಿಕೆಯನ್ನು ಇನ್ನೊಂದು ಪರೀಕ್ಷೆಗೆ ಒಡ್ಡುತ್ತಾರೆ, ಅಷ್ಟೆ. ನಮ್ಮ ಆಯ್ಕೆಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಒಂದು ವ್ಯತ್ಯಾಸವೇ.

ಬೆಂಗಳೂರಿನ ಸುತ್ತಲಿನ ಕಲ್ಲು ಗಟ್ಟಿ ಜಾತಿಯದು. ಆನೇಕಲ್ ಕಡೆಯಿಂದ ಬರಲಿ, ಚಿಕ್ಕಬಳ್ಳಾಪುರ ಅಥವಾ ಮಾಗಡಿ ಕಡೆಯಿಂದ ಬರಲಿ, ಗ್ರಾನೈಟ್ ಮತ್ತು ಅದರಂಥದೇ ನೈಸ್ ಎಂಬ ಕಲ್ಲಿನ ಜಲ್ಲಿಯ ಆಘಾತ ಮೌಲ್ಯ ಸಾಮಾನ್ಯವಾಗಿ 20ರ ಆಸುಪಾಸಿನಲ್ಲಿರುತ್ತದೆ, ನೀರು ಹೀರಿಕೆ ಶೇಕಡಾ 1ನ್ನು ದಾಟುವುದಿಲ್ಲ. ಒಡೆದ ಕಾಂಕ್ರೀಟ್ ಹಾಗಲ್ಲ. ಅದರೊಳಗಿನ ಮೂಲ ಕಲ್ಲು ಇದೇ ಗ್ರಾನೈಟ್ ಆದರೂ ಪ್ರತಿ ತುಂಡಿಗೂ ಹಳೆಯ ಗಾರೆ ಅಂಟಿಕೊಂಡಿರುತ್ತದೆ. ಆ ಗಾರೆ ಮೆದು, ಸಣ್ಣ ರಂಧ್ರಗಳಿಂದ ತುಂಬಿದ್ದು. ಹೀಗಾಗಿ ನೀರು ಹೀರಿಕೆ ಶೇಕಡಾ 3ರಿಂದ 8ರವರೆಗೂ ಏರುತ್ತದೆ, ಆಘಾತ ಮೌಲ್ಯ 25ರಿಂದ 35ರ ನಡುವೆ ಅಲೆಯುತ್ತದೆ. ತೂಕವೂ ಕಡಿಮೆ: ಗ್ರಾನೈಟ್‌ನ ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ, 2.6 ದಾಟಿದರೆ ಇದರದು 2.3ರಿಂದ 2.5. ಟನ್ ಲೆಕ್ಕದಲ್ಲಿ ಕೊಳ್ಳುವವರಿಗೆ ಇದು ಲಾಭ, ಅಷ್ಟೇ ಜಾಗ ತುಂಬಲು ಕಡಿಮೆ ಟನ್ ಸಾಕಾಗುತ್ತದೆ.

ಡಾಂಬರಿನೊಳಗೆ ಹಾಕಿದರೆ ಏನಾಗುತ್ತದೆ

ನೀರು ಹೀರುವ ಗಾರೆ ಕಾಯಿಸಿದ ಡಾಂಬರನ್ನೂ ಬಿಡುವುದಿಲ್ಲ, ಬದನೆಕಾಯಿ ಎಣ್ಣೆ ಕುಡಿಯುವ ಹಾಗೆ ಕುಡಿಯುತ್ತದೆ. ಶೇಕಡಾ 5ರಷ್ಟು ನೀರು ಹೀರುವ ಜಲ್ಲಿ ಸುಮಾರು ಅದರ ಅರ್ಧದಷ್ಟು ಡಾಂಬರನ್ನು ಹೀರಬಲ್ಲದು. ಅಂದರೆ ನೂರು ಕಿಲೋ ಜಲ್ಲಿಗೆ ಎರಡರಿಂದ ಎರಡೂವರೆ ಕಿಲೋ. ಹೀಗೆ ಒಳಗೆ ಹೋದ ಡಾಂಬರು ಕಲ್ಲು ಕಲ್ಲನ್ನು ಅಂಟಿಸುವ ಕೆಲಸಕ್ಕೆ ಬರುವುದಿಲ್ಲ. ಆ ಕೊರತೆಯನ್ನು ಹೊಸ ಡಾಂಬರು ಸುರಿದೇ ತುಂಬಬೇಕು. ತುಂಬದೆ ಹೋದರೆ ಮಿಶ್ರಣ ಒಣಗಿದಂತಾಗಿ, ಎರಡನೆಯ ಮಳೆಗಾಲಕ್ಕೆ ಮೇಲ್ಮೈಯಿಂದ ಜಲ್ಲಿ ಉದುರಲು ಶುರುವಾಗುತ್ತದೆ.

ಎರಡನೆಯ ತೊಂದರೆ ರೋಲರ್ ಕೆಳಗೆ ಹುಟ್ಟುತ್ತದೆ. ಮಿಕ್ಸಿಂಗ್ ಪ್ಲಾಂಟ್‌ನಲ್ಲಿ ಜಲ್ಲಿಯ ಎಲ್ಲ ಮುಖಗಳಿಗೂ ಡಾಂಬರು ಚೆನ್ನಾಗಿ ಹತ್ತಿರುತ್ತದೆ. ರಸ್ತೆಯಲ್ಲಿ ಕಂಪಿಸುವ ರೋಲರ್ ಹರಿದಾಗ ಮೆದು ಗಾರೆ ಒಡೆದು ಡಾಂಬರು ಕಾಣದ ಹೊಸ ಮುಖಗಳು ತೆರೆದುಕೊಳ್ಳುತ್ತವೆ. ನೀರು ಹೊಕ್ಕುವುದು ಅಲ್ಲಿಂದಲೇ. ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರ್‌ಗೆ ಹತ್ತಿರ ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನದು. ಚರಂಡಿ ಕಟ್ಟಿಕೊಂಡು ರಸ್ತೆಯ ಅಂಚಿನಲ್ಲಿ ಗಂಟೆಗಟ್ಟಲೆ ನೀರು ನಿಲ್ಲುವ ಊರಿನಲ್ಲಿ ಇದನ್ನು ಹಗುರವಾಗಿ ಕಾಣಲಾಗದು.

ಮೂರನೆಯದು ಪ್ಲಾಂಟ್‌ನ ಉರುವಲು. ರಂಧ್ರಗಳೊಳಗಿನ ತೇವ ಪೂರ್ತಿ ಹೋಗುವವರೆಗೆ ಜಲ್ಲಿಯನ್ನು ಡ್ರಮ್ಮಿನಲ್ಲಿ ಕಾಯಿಸಬೇಕು. ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿ ಹಾಕಿದ ಒಡೆದ ಕಾಂಕ್ರೀಟ್ ಒಣಗಿಸಲು ಬಹಳ ಸಮಯ ಹಿಡಿಯುತ್ತದೆ. ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಡಾಂಬರಿನ ಪೊರೆಯನ್ನು ಹೊರಗೆ ದೂಡುತ್ತದೆ.

ಒಡೆದ ಕಾಂಕ್ರೀಟ್‌ನ ಪರವಾಗಿ ಹೇಳಲೇಬೇಕಾದ ಮಾತೂ ಒಂದಿದೆ. ನಮ್ಮ ಗ್ರಾನೈಟ್‌ನಲ್ಲಿ ಸಿಲಿಕಾ ಹೆಚ್ಚು. ಅಂಥ ಕಲ್ಲಿಗೆ ನೀರಿನ ಮೇಲೆ ಒಲವು ಜಾಸ್ತಿ, ಡಾಂಬರಿನ ಮೇಲೆ ಕಡಿಮೆ. ಅದಕ್ಕಾಗಿಯೇ ಗ್ರಾನೈಟ್ ಮಿಶ್ರಣಕ್ಕೆ ಶೇಕಡಾ 2ರಷ್ಟು ಅರಳಿಸಿದ ಸುಣ್ಣ ಸೇರಿಸುವ ಪದ್ಧತಿ ಬಂದಿರುವುದು. ಹಳೆಯ ಗಾರೆಯಲ್ಲಿ ಸಿಮೆಂಟಿನ ಕ್ಷಾರಗುಣ ಉಳಿದಿರುವುದರಿಂದ ಡಾಂಬರು ಅದನ್ನು ಚೆನ್ನಾಗಿಯೇ ಹಿಡಿಯುತ್ತದೆ. ಹಿಡಿತ ಬಲವಾಗಿದ್ದರೂ ಹಿಡಿದುಕೊಂಡ ಗಾರೆಯೇ ಒಡೆದರೆ ಪ್ರಯೋಜನವಿಲ್ಲ, ಎಡವುವುದು ಅಲ್ಲಿಯೇ.

ಇದಕ್ಕೆ ಪರಿಹಾರಗಳಿಲ್ಲ ಎಂದಲ್ಲ. ಉರುಳುವ ಡ್ರಮ್ಮಿನಲ್ಲಿ ಜಲ್ಲಿಯನ್ನು ತಿಕ್ಕಿ ಸಡಿಲ ಗಾರೆಯನ್ನು ಉದುರಿಸಬಹುದು. ಮುಂಚಿತವಾಗಿ ಡಾಂಬರಿನ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ಅಥವಾ ಸಿಮೆಂಟ್ ಹಾಲು ಲೇಪಿಸಿ ರಂಧ್ರಗಳನ್ನು ಮುಚ್ಚಬಹುದು. ಬೆರೆಸಿದ ಮಿಶ್ರಣವನ್ನು ಬಿಸಿಯಾಗಿಯೇ ಕೆಲವು ಗಂಟೆ ಇಟ್ಟು, ಹೀರಿಕೆ ಮುಗಿದ ಮೇಲೆ ಹಾಸಬಹುದು. ಮೂರಕ್ಕೂ ಖರ್ಚಿದೆ, ಹೇಳಿದಂತೆ ಮಾಡುವ ಪ್ಲಾಂಟ್ ಬೇಕು. ನೂರು ಮೀಟರ್ ರಸ್ತೆ ಮಾಡಿಸುವ ಸಂಘಕ್ಕೆ ಇದು ಎಟುಕುವ ಮಾತಲ್ಲ. ಉಸ್ತುವಾರಿ ಬಲವಾಗಿರುವ ದೊಡ್ಡ ಕಾಮಗಾರಿಯಲ್ಲಿ, ಡಿಬಿಎಂ ಪದರದಲ್ಲಿ, ದಪ್ಪ ಜಲ್ಲಿಯ ಐದನೆಯ ಒಂದು ಪಾಲಿನವರೆಗೆ ಪ್ರಯತ್ನಿಸಬಹುದು ಎಂಬುದು ನನ್ನ ಅಭಿಪ್ರಾಯ. ಶೇಕಡಾ 2ರ ಹೀರಿಕೆ ಮಿತಿ ಎದುರಿಗಿರುವುದರಿಂದ ಎಂಜಿನಿಯರ್‌ನ ಲಿಖಿತ ಒಪ್ಪಿಗೆ ಮೊದಲೇ ಬೇಕು. ಡಾಂಬರು ಮಿಶ್ರಣದ ಬಲ ಅಳೆಯುವ ಮಾರ್ಷಲ್ ಪರೀಕ್ಷೆಯಲ್ಲಿ 9 ಕಿಲೋನ್ಯೂಟನ್ ಬಂದಿತೆಂದು ತೃಪ್ತರಾಗಬೇಡಿ. ಒಡೆದ ಕಾಂಕ್ರೀಟ್ ಸೇರಿದ ಮಿಶ್ರಣ ಆ ಪರೀಕ್ಷೆಯನ್ನು ಸುಲಭವಾಗಿ ಗೆಲ್ಲಬಹುದು. ನೀವು ಕೇಳಬೇಕಾದುದು ನೀರಿನಲ್ಲಿ ನೆನೆಸಿದ ಮೇಲೆ ಕರ್ಷಣ ಬಲ, ಅಂದರೆ ಎಳೆದರೂ ಸೀಳದೆ ತಡೆಯುವ ಶಕ್ತಿ, ಶೇಕಡಾ 80ರಷ್ಟಾದರೂ ಉಳಿದಿದೆಯೇ ಎಂಬ ಅಂಕಿಯನ್ನು.

ಕೆಳಗೆ ಹಾಕಿದರೆ

ನೂರು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ಒಳರಸ್ತೆಯನ್ನು ಹೊಸದಾಗಿ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. 200 ಮಿಲಿಮೀಟರ್ ಜಿಎಸ್‌ಬಿಗೆ 120 ಘನ ಮೀಟರ್, ಅಂದರೆ ಸುಮಾರು 250 ಟನ್ ಜಲ್ಲಿ ಬೇಕು. 150 ಮಿಲಿಮೀಟರ್ ವೆಟ್ ಮಿಕ್ಸ್‌ಗೆ ಹೆಚ್ಚುಕಡಿಮೆ 200 ಟನ್. ಡಿಬಿಎಂ 70 ಟನ್, ಬಿ.ಸಿ. 42 ಟನ್.

ಡಿಬಿಎಂನಲ್ಲಿ ಐದನೆಯ ಒಂದು ಪಾಲು ಒಡೆದ ಕಾಂಕ್ರೀಟ್ ಸೇರಿಸಿದರೆ ಉಳಿತಾಯವಾಗುವ ಕ್ವಾರಿ ಜಲ್ಲಿ ಹೆಚ್ಚೆಂದರೆ 14 ಟನ್. ಹತ್ತು ಚಕ್ರದ ಟಿಪ್ಪರ್‌ನ ಒಂದು ಲೋಡೂ ಅಲ್ಲ. ಅದಕ್ಕಾಗಿ ಹೆಚ್ಚುವರಿಯಾಗಿ ಸುರಿಯಬೇಕಾದ ಡಾಂಬರು 350 ಕಿಲೋ ಆಗಬಹುದು. ಅದೇ ಒಡೆದ ಕಾಂಕ್ರೀಟನ್ನು ಇಡೀ ಜಿಎಸ್‌ಬಿಗೆ ಬಳಸಿದರೆ ಉಳಿಯುವುದು 250 ಟನ್, ಹದಿನೈದರಷ್ಟು ಲೋಡು, ಒಂದು ಕಿಲೋ ಡಾಂಬರೂ ಖರ್ಚಾಗದೆ. ಕ್ವಾರಿಯ ಕಲ್ಲು ಉಳಿಸುವುದು ನಮ್ಮ ಗುರಿಯಾದರೆ ಡಾಂಬರಿನೊಳಗೆ ಕಷ್ಟಪಟ್ಟು ನಾಲ್ಕು ಹಿಡಿ ತುರುಕುವುದಕ್ಕಿಂತ ಕೆಳಗೆ ಪದರಕ್ಕೆ ಪದರವನ್ನೇ ಬದಲಿಸುವುದು ಎಷ್ಟೋ ಲೇಸು.

ಗುಣದ ದೃಷ್ಟಿಯಿಂದಲೂ ಅದು ಅಲ್ಲಿ ಸೋಲುವುದಿಲ್ಲ. ಶುದ್ಧ ಕಾಂಕ್ರೀಟ್ ತುಂಡಿನಲ್ಲಿ ನೀರು ತಾಗದೆ ಉಳಿದ ಸಿಮೆಂಟ್ ಕಣಗಳಿರುತ್ತವೆ. ನೀರು ಹಾಕಿ ರೋಲರ್ ಹೊಡೆದ ಮೇಲೆ ಅವು ನಿಧಾನವಾಗಿ ಕಚ್ಚಿಕೊಂಡು ಪದರ ತಿಂಗಳುಗಳ ಕಾಲ ಬಿಗಿಯಾಗುತ್ತಲೇ ಹೋಗುತ್ತದೆ. ಒಡೆದ ತುಂಡುಗಳ ಒರಟು ಮೂಲೆಗಳೂ ಒಂದನ್ನೊಂದು ಚೆನ್ನಾಗಿ ಹಿಡಿಯುತ್ತವೆ. ಇನ್ನಷ್ಟು ಬಲ ಬೇಕಾದರೆ ಸ್ವಲ್ಪ ಸಿಮೆಂಟ್ ಬೆರೆಸಿ ಏಳು ದಿನಕ್ಕೆ 1.5ರಿಂದ 3 ಮೆಗಾಪಾಸ್ಕಲ್ ಬಲ ತರಿಸುವ ಸಿಮೆಂಟ್ ಉಪಪದರವನ್ನು ಮಾಡಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ರಸ್ತೆ ವಿನ್ಯಾಸದ ಮಾರ್ಗಸೂಚಿ ಐಆರ್‌ಸಿ 37ರ 2018ರ ಆವೃತ್ತಿ ಅದಕ್ಕೆ ಅವಕಾಶ ಕೊಡುತ್ತದೆ.

ಹಾಸುವಾಗ ಗಮನಿಸಬೇಕಾದುದು ನೀರು. ಒಡೆದ ಕಾಂಕ್ರೀಟ್ ತನ್ನ ಪಾಲಿನ ನೀರನ್ನು ಮೊದಲು ಕುಡಿದು, ಆಮೇಲೆ ಪದರಕ್ಕೆ ಬಿಡುತ್ತದೆ. ಹಿಂದಿನ ದಿನವೇ ರಾಶಿಯನ್ನು ನೆನೆಸಿಡುವುದು ಒಳ್ಳೆಯದು. ಕ್ವಾರಿ ಜಲ್ಲಿಗೆ ಹಾಕುವಷ್ಟೇ ನೀರು ಚಿಮುಕಿಸಿ ರೋಲರ್ ಓಡಿಸಿದರೆ ಪದರ ಒಣಗಿದ್ದಂತೆಯೇ ಉಳಿದು ಬಿಗಿಯಾಗುವುದಿಲ್ಲ.

ಬೇಡವೆನ್ನಬೇಕಾದ ಜಾಗವೂ ಇದೆ. ಒಡೆದ ಕಾಂಕ್ರೀಟ್ ಮೂಲಕ ಇಳಿದ ನೀರು ಸುಣ್ಣದಂಶ ಹೊತ್ತು ಬರುತ್ತದೆ. ಗಾಳಿ ತಾಗಿದೊಡನೆ ಅದು ಬಿಳಿ ಗಟ್ಟಿಯಾಗಿ ಕೊಳವೆಯ ತೂತುಗಳನ್ನೂ ಸೋಸು ಬಟ್ಟೆಯನ್ನೂ ಮುಚ್ಚಬಲ್ಲದು. ರಸ್ತೆಯಡಿ ಇಳಿದ ನೀರನ್ನು ಸಾಗಿಸುವ ತೂತು ಕೊಳವೆ ಇದ್ದರೆ ಅದರ ಸುತ್ತ ಕ್ವಾರಿ ಜಲ್ಲಿಯನ್ನೇ ಹಾಕಿಸಿ. ಕೆರೆಯ ಅಂಚಿನಲ್ಲಿ, ರಾಜಕಾಲುವೆಗೆ ತಾಗಿದ ರಸ್ತೆಯಲ್ಲಿ, ಅಂತರ್ಜಲ ಮೇಲೆಯೇ ಇರುವ ತಗ್ಗಿನಲ್ಲಿ ಇದನ್ನು ಬಳಸದಿರುವುದೇ ಸರಿ. ಆ ನೀರಿನ ಕ್ಷಾರ ಮೀನಿಗೂ ಪಾಚಿಗೂ ಒಗ್ಗುವುದಿಲ್ಲ. ನಮ್ಮ ಕೆರೆಗಳು ಈಗಾಗಲೇ ಹೊತ್ತಿರುವ ಭಾರ ಸಾಕು.

ಕೆರೆದ ಡಾಂಬರು

ಒಡೆದ ಕಾಂಕ್ರೀಟ್ ನೂರು ಕಿಲೋಗೆ ಎರಡೂವರೆ ಕಿಲೋ ಡಾಂಬರನ್ನು ಬೇಡಿದರೆ, ಮಿಲ್ಲಿಂಗ್ ಯಂತ್ರ ಕೆರೆದು ತೆಗೆದ ಹಳೆಯ ಡಾಂಬರು ನೂರು ಕಿಲೋದಲ್ಲಿ ನಾಲ್ಕೈದು ಕಿಲೋ ಡಾಂಬರನ್ನು ತಾನೇ ತರುತ್ತದೆ. ಬಿಸಿಲಿಗೆ ಕಾದು ಗಡುಸಾಗಿರುವುದರಿಂದ ಎಲ್ಲವೂ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಆದರೂ ದೊಡ್ಡ ಪಾಲು ಬರುತ್ತದೆ. ಜಲ್ಲಿ ಮೊದಲೇ ಡಾಂಬರಿಗಾಗಿ ಆಯ್ದ ಗಟ್ಟಿ ಗ್ರಾನೈಟ್. ಇದಕ್ಕೆ ಐಆರ್‌ಸಿ 120 ಎಂಬ 2015ರ ಮಾರ್ಗಸೂಚಿ ಇದೆ. ಡಿಬಿಎಂನಲ್ಲಿ ಶೇಕಡಾ 15ರಿಂದ 20ರವರೆಗೆ ಹೆಚ್ಚಿನ ಮಾರ್ಪಾಡಿಲ್ಲದೆ ಸೇರಿಸಬಹುದು. ಅದನ್ನು ದಾಟಿದರೆ ಹೊಸ ಡಾಂಬರಿನ ದರ್ಜೆಯನ್ನು ಮೆದುವಾಗಿಸಬೇಕು. ಪ್ಲಾಂಟ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ದಾರಿ ಇದೆಯೇ ಎಂದು ಕೇಳಿ. ಉರಿಯುವ ಜ್ವಾಲೆಗೆ ನೇರವಾಗಿ ಒಡ್ಡಿದರೆ ಹಳೆಯ ಡಾಂಬರು ಸುಟ್ಟು ಹೊಗೆಯಾಗುತ್ತದೆ.

ಬೆಂಗಳೂರಿಗೆ ಇನ್ನೊಂದು ದೊಡ್ಡ ಲಾಭವಿದೆ. ಹಳೆಯ ಪದರದ ಮೇಲೆ ಹೊಸದನ್ನು ಏರಿಸುತ್ತಾ ಹೋಗಿ ಎಷ್ಟೋ ಬಡಾವಣೆಗಳಲ್ಲಿ ರಸ್ತೆ ಮನೆಯ ಹೊಸ್ತಿಲಿಗಿಂತ ಮೇಲಾಗಿದೆ, ಮಳೆ ಬಂದಾಗ ನೀರು ಗೇಟಿನೊಳಕ್ಕೆ ಹರಿಯುತ್ತದೆ. ಕೆರೆದು ಹಾಕಿದರೆ ಮಟ್ಟ ಏರುವುದಿಲ್ಲ. ನಿಮ್ಮ ರಸ್ತೆಯ ತಳ ಗಟ್ಟಿಯಿದ್ದು ಮೇಲ್ಮೈ ಮಾತ್ರ ಸವೆದಿದ್ದರೆ ಒಡೆದ ಕಾಂಕ್ರೀಟ್‌ನ ಮಾತೇ ಬೇಡ. ಮಿಲ್ಲಿಂಗ್ ಮಾಡಿಸಿ, ಕೆರೆದದ್ದರ ಲೆಕ್ಕ ಬರೆಸಿಕೊಂಡು ಮರುಬಳಕೆಗೆ ಕೊಡಿ.

ನಿಯಮ ಮತ್ತು ದೂರ

ಕಟ್ಟಡ ತ್ಯಾಜ್ಯ ನಿರ್ವಹಣೆಗೆ ಪ್ರತ್ಯೇಕ ಕೇಂದ್ರ ನಿಯಮ ಬಂದದ್ದು 2016ರಲ್ಲಿ. ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ತ್ಯಾಜ್ಯ ಹೊರಡಿಸುವವರು ಅದನ್ನು ಬೇರ್ಪಡಿಸಿ ಕೊಡಬೇಕೆಂದು ಆ ನಿಯಮ ಹೇಳಿತು. ಸರ್ಕಾರಿ ಮತ್ತು ಪಾಲಿಕೆ ಗುತ್ತಿಗೆಗಳಲ್ಲಿ ಶೇಕಡಾ 10ರಿಂದ 20ರಷ್ಟು ಮರುಬಳಕೆ ವಸ್ತುವನ್ನು ಕಡ್ಡಾಯ ಮಾಡುವ ಮಾತನ್ನೂ, ಗುಣಮಟ್ಟದ ಷರತ್ತಿನೊಡನೆ, ಸೇರಿಸಿತು. 2025ರಲ್ಲಿ ಹೊರಬಂದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂಥವು. ರಸ್ತೆಗೆ ಈ ತ್ಯಾಜ್ಯವನ್ನು ಹೇಗೆ ಬಳಸಬೇಕೆಂದು ತಿಳಿಸುವ ಕೈಪಿಡಿ ಐಆರ್‌ಸಿ 121, 2017ರದು. ಕೆಲವರು ಕಾಂಕ್ರೀಟ್ ಜಲ್ಲಿಯ ಭಾರತೀಯ ಮಾನಕ ಐಎಸ್ 383ನ್ನು ತೋರಿಸಿ, ಶೇಕಡಾ 25ಕ್ಕಿಂತ ಹೆಚ್ಚು ಹಾಕುವಂತಿಲ್ಲ ಎನ್ನುತ್ತಾರೆ. ಆ ಮಿತಿ ಸಾದಾ ಕಾಂಕ್ರೀಟ್‌ಗೆ, ಕಬ್ಬಿಣ ಹಾಕಿದ್ದಕ್ಕೆ ಶೇಕಡಾ 20. ರಸ್ತೆಯ ಜಲ್ಲಿ ಪದರಕ್ಕೂ ಅದಕ್ಕೂ ಸಂಬಂಧವಿಲ್ಲ.

ಖರ್ಚನ್ನು ನಿರ್ಧರಿಸುವುದು ಜಲ್ಲಿಯ ದರಕ್ಕಿಂತ ಹೆಚ್ಚಾಗಿ ಲಾರಿಯ ದೂರ. ಕಟ್ಟಡ ತ್ಯಾಜ್ಯವನ್ನು ಒಡೆದು ಜಲ್ಲಿ ಮಾಡುವ ಒಂದು ಸಂಸ್ಕರಣಾ ಘಟಕ ಇರುವುದು ಚಿಕ್ಕಜಾಲದ ಕಡೆ. ಯಲಹಂಕ, ಹೆಬ್ಬಾಳದವರಿಗೆ ಅದು ಹತ್ತಿರ. ಬನ್ನೇರುಘಟ್ಟ ರಸ್ತೆಯವರಿಗೆ ಜಿಗಣಿ, ಆನೇಕಲ್ ಸುತ್ತಿನ ಕ್ರಷರ್‌ಗಳೇ ಹತ್ತಿರವಾಗಬಹುದು. ದರ ಕೇಳುವಾಗ ಸ್ಥಳಕ್ಕೆ ತಲುಪಿಸುವ ಬೆಲೆಯನ್ನೇ ಕೇಳಿ. ಬಡಾವಣೆಯಲ್ಲೇ ಒಂದು ಕಟ್ಟಡ ಕೆಡವುತ್ತಿದ್ದರೆ ಹೋಗುವಾಗ ಅವಶೇಷ, ಬರುವಾಗ ಜಲ್ಲಿ ತರುವ ಹಾಗೆ ಒಬ್ಬನೇ ಸಾಗಣೆದಾರನೊಡನೆ ಮಾತನಾಡಿ. ಖಾಲಿ ಲಾರಿ ಓಡುವುದು ತಪ್ಪಿದಷ್ಟೂ ಉಳಿತಾಯ.

ಬೆಲೆಪಟ್ಟಿಯಲ್ಲಿ ಕಾಣದ ಲೆಕ್ಕವೂ ಒಂದಿದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕ್ವಾರಿಗೆ ಸೇರಿದ, ಬಂಡೆ ಸಿಡಿಸುವ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತರು. ಬೆಂಗಳೂರಿನ ಪ್ರತಿ ಲೋಡ್ ಜಲ್ಲಿಯೂ ಯಾವುದೋ ಊರಿನ ಬೆಟ್ಟದಿಂದ ಬರುತ್ತದೆ, ಕೆಡವಿದ ಕಟ್ಟಡದ ಅವಶೇಷ ಯಾವುದೋ ಕೆರೆಯಂಗಳಕ್ಕೆ ಹೋಗಿ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡುವ ಅವಕಾಶ ಜಿಎಸ್‌ಬಿಯಲ್ಲಿದೆ. ಹೆಚ್ಚಿನ ಖರ್ಚಿಲ್ಲದೆ ಸಿಗುವ ಇದನ್ನು ಕೈಬಿಡುವುದು ನನಗೆ ಸಹಿಸಲಾಗದ ವಿಷಯ.

ಯಾರಿಗೆ ಯಾವುದು

ಬಸ್ಸು, ಟ್ಯಾಂಕರ್, ಕಾಂಕ್ರೀಟ್ ಲಾರಿಗಳು ಓಡುವ ರಸ್ತೆಯಾದರೆ ಜಿಎಸ್‌ಬಿಗೆ ಒಡೆದ ಕಾಂಕ್ರೀಟ್, ವೆಟ್ ಮಿಕ್ಸ್ ಮತ್ತು ಬಿ.ಸಿ.ಗೆ ಕ್ವಾರಿ ಜಲ್ಲಿ, ಡಿಬಿಎಂಗೆ ಕ್ವಾರಿ ಜಲ್ಲಿಯೊಡನೆ ಕೆರೆದ ಡಾಂಬರಿನ ಒಂದು ಪಾಲು. ಕಾರು, ಸ್ಕೂಟರ್ ಓಡುವ ಒಳರಸ್ತೆಯಾದರೆ ವೆಟ್ ಮಿಕ್ಸ್‌ನಲ್ಲೂ ಒಡೆದ ಕಾಂಕ್ರೀಟ್ ನಡೆಯುತ್ತದೆ, ಆಘಾತ ಮೌಲ್ಯ 30ರೊಳಗೆ ಬಂದಿದ್ದರೆ. ಅಪಾರ್ಟ್‌ಮೆಂಟ್‌ನ ನಡೆದಾರಿಗೂ ವಾಹನ ನಿಲ್ಲಿಸುವ ಜಾಗಕ್ಕೂ ಡಾಂಬರೇ ಬೇಕಿಲ್ಲ, ಮರುಬಳಕೆ ಜಲ್ಲಿಯಿಂದ ಎರಕ ಹೊಯ್ದ ಪೇವರ್ ಬ್ಲಾಕ್ ಸಾಕು.

ಇಟ್ಟಿಗೆ ಬೆರೆತ ಅವಶೇಷವನ್ನು ಒಡೆದ ಕಾಂಕ್ರೀಟ್ ಎಂದು ಮಾರುವವರಿದ್ದಾರೆ. ಇಟ್ಟಿಗೆ ಚೂರು ತೂಕದ ಶೇಕಡಾ 15, 20ರಷ್ಟು ನೀರು ಹೀರುತ್ತದೆ, ರೋಲರ್ ಕೆಳಗೆ ಪುಡಿಯಾಗುತ್ತದೆ. ಹೊಂಡ ತುಂಬಲು, ಮಣ್ಣು ಏರಿಸಲು ಅದು ಸರಿ, ಜಿಎಸ್‌ಬಿಗೆ ಅಲ್ಲ. ಫಾಲ್ಸ್ ಸೀಲಿಂಗ್‌ನ ಜಿಪ್ಸಮ್ ಚೂರು ಕಂಡರೆ ಲೋಡನ್ನು ವಾಪಸ್ ಕಳಿಸಿ. ಅದರ ಸಲ್ಫೇಟ್ ಸಿಮೆಂಟ್ ಜೊತೆ ಸೇರಿ ಪದರವನ್ನು ಉಬ್ಬಿಸುತ್ತದೆ. ಮರದ ಸೀಳು, ಪ್ಲಾಸ್ಟಿಕ್, ಕಬ್ಬಿಣದ ತುಂಡುಗಳೂ ಇರಬಾರದು. ಬಕೆಟ್ ತುಂಬ ತೆಗೆದು ನೀರಿನಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಹರಡಿದರೆ ಎಲ್ಲವೂ ಕಾಣುತ್ತದೆ.

ಒಪ್ಪಂದದಲ್ಲಿ "ಮರುಬಳಕೆ ಜಲ್ಲಿ ಬಳಸಬಹುದು" ಎಂದಷ್ಟೇ ಬರೆಸಬೇಡಿ. ಯಾವ ಪದರಕ್ಕೆ, ಎಷ್ಟು ಪಾಲು, ಯಾವ ಘಟಕದ್ದು, ಆಘಾತ ಮೌಲ್ಯ ಮತ್ತು ನೀರು ಹೀರಿಕೆಯ ಮಿತಿ ಎಷ್ಟು ಎಂದು ಬರೆಸಿ. ಒಂದು ರಾಶಿಯ ವರದಿ ಇನ್ನೊಂದು ರಾಶಿಗೆ ಸಲ್ಲುವುದಿಲ್ಲ, ಏಕೆಂದರೆ ಇಂದು ಕೆಡವಿದ್ದು ಸೇತುವೆಯಾದರೆ ನಾಳೆ ಕೆಡವುವುದು ಹಳೆಯ ಮನೆ. ಜಿಎಸ್‌ಬಿ ಮುಗಿದ ದಿನ, ವೆಟ್ ಮಿಕ್ಸ್ ಮುಚ್ಚುವ ಮೊದಲು, ಸಾಂದ್ರತೆಯ ಪರೀಕ್ಷೆ ಮಾಡಿಸಿ ಫೋಟೋ ತೆಗೆದಿಡಿ.

ಇಷ್ಟೆಲ್ಲ ಮಾಡುವ ಮುನ್ನ ನಿಮ್ಮ ಬೀದಿಯಲ್ಲಿ ಕಾವೇರಿ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್‌ಗಾಗಿ ಅಗೆಯುವ ಯೋಜನೆ ಬಾಕಿ ಇದೆಯೇ ಎಂದು ಜಲಮಂಡಳಿ, ಬೆಸ್ಕಾಂ ಮತ್ತು ನಿಮ್ಮ ನಗರ ಪಾಲಿಕೆಯಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಿರುವುದರಿಂದ ಮೊದಲು ನಿಮ್ಮದು ಯಾವುದೆಂದು ಖಚಿತಪಡಿಸಿಕೊಳ್ಳಿ. ಅಗೆತ ಬಾಕಿ ಇದ್ದರೆ ಅದು ಮುಗಿದು, ತೋಡಿದ ಕಾಲುವೆಯ ಮಣ್ಣು ಒಂದು ಮಳೆಗಾಲ ಕೂತು ಗಟ್ಟಿಯಾಗುವವರೆಗೆ ಡಾಂಬರಿನ ಆದೇಶ ಕೊಡಬೇಡಿ. ಯಾವ ಜಲ್ಲಿ ಹಾಕಿದರೂ ಕುಸಿಯುವ ಕಾಲುವೆಯ ಮೇಲೆ ರಸ್ತೆ ನಿಲ್ಲುವುದಿಲ್ಲ.